ಲ್ಯಾಮಿನೇಟ್ ಮಾಡಿಸಿದ ಚೀಟಿ

ಕೂಸು ನನ್ನ ಕಾಲ ಮೇಲಿಂದ ಜಾರಿದ್ದು ಇಬ್ರಾಹಿಂಪಟ್ನಂನಲ್ಲಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳೋಣವೆಂದು ಇಟ್ಟುಕೊಂಡರೆ ನಾನು ಹೇಳುವುದಿಲ್ಲ, ನನ್ನ ಬುದ್ಧಿ ನನಗೆ ಗೊತ್ತು.

ನಾನು ಬಾಣಂತನ ಮಾಡುವವಳು. ಗದಗಿನ ಕಡೆಯವಳು, ಮೂರನೇ ಇಯತ್ತೆಯವರೆಗೆ ಕಲಿತವಳು. ಗಂಡ ರೈಲ್ವೆಯಲ್ಲಿ ಕಲಾಸಿಯಾಗಿದ್ದ. ಹುಬ್ಬಳ್ಳಿಯಿಂದ ವಿಜಯವಾಡಕ್ಕೆ ಅವನನ್ನು ವರ್ಗ ಮಾಡಿದರು, ಹಿಂದೆಯೇ ನಾನೂ ಬಂದೆ. ಅವನು ತೀರಿಕೊಂಡ ಮೇಲೂ ಅಲ್ಲೇ ಉಳಿದೆ. ಅಷ್ಟೊತ್ತಿಗೆ ಕರ್ನಾಟಕದಿಂದ ಬಂದ ಬ್ಯಾಂಕಿನವರ ಮನೆಗಳಲ್ಲಿ ನನಗೆ ಕೆಲಸ ಹತ್ತಿತ್ತು. ಅವರ ತಾಯಂದಿರು ಊರಿನಿಂದ ಬಂದು ಹದಿನೈದು ದಿನ ಇದ್ದು, ಸೆಕೆ ತಾಳದೆ ಹೋಗಿಬಿಡುತ್ತಿದ್ದರು. ಆಮೇಲಿನದ್ದು ನನ್ನ ಪಾಲು. ಬಾಣಂತಿಗೆ ಎಣ್ಣೆ ತಿಕ್ಕಿ ಎರೆಯುವುದು, ಅಂಟಿನುಂಡೆ ಕಟ್ಟುವುದು, ಕೂಸಿಗೆ ಎರೆದು ಲೋಬಾನದ ಹೊಗೆ ಹಾಕುವುದು. ಎಷ್ಟು ಕೂಸುಗಳಿಗೆ ಎರೆದಿದ್ದೇನೆಂದು ಲೆಕ್ಕ ಇಟ್ಟಿಲ್ಲ. ಕೆಲವರಿಗೆ ಈಗ ಮೀಸೆ ಬಂದಿದೆ.

ಕೂಸಿಗೆ ಎರೆಯುವುದೆಂದರೆ ಬಚ್ಚಲಲ್ಲಿ ಗಿಡ್ಡ ಮಣೆಯ ಮೇಲೆ ಕೂತು ಎರಡೂ ಕಾಲು ಮುಂದಕ್ಕೆ ಚಾಚಬೇಕು. ಕೂಸನ್ನು ಮೊಣಕಾಲಿನಿಂದ ಪಾದದವರೆಗೆ ಉದ್ದಕ್ಕೆ ಮಲಗಿಸಬೇಕು. ಪಾದ ಎರಡೂ ಕೂಡಿಸಿ ಹಿಡಿದರೆ ನಡುವೆ ಒಂದು ತಗ್ಗಾಗುತ್ತದೆ, ಕೂಸಿನ ತಲೆ ಅಲ್ಲಿ ಕೂರುತ್ತದೆ. ಎಡಗೈ ಕೂಸಿನ ಮೇಲೆ, ಬಲಗೈಯಲ್ಲಿ ನೀರಿನ ತಂಬಿಗೆ. ಅರ್ಧ ತಾಸು ಕಾಲು ಅಲುಗಿಸುವ ಹಾಗಿಲ್ಲ. ಹರೆಯದಲ್ಲಿ ಏನೂ ಅನಿಸಲಿಲ್ಲ. ಅರವತ್ತು ದಾಟಿದ ಮೇಲೆ ಮಣೆಯಿಂದ ಏಳುವಾಗ ಮೊಣಕಾಲಿನೊಳಗೆ ಯಾರೋ ಮೊಳೆ ತಿರುವಿದ ಹಾಗೆ ಆಗತೊಡಗಿತು.

ಆಗ ನಾನು ಎರೆಯುತ್ತಿದ್ದ ಮನೆಯ ಹೆಂಗಸು ಬ್ಯಾಂಕಿನಲ್ಲಿ ಮ್ಯಾನೇಜರ್. ಹೆರಿಗೆಯಾದ ಮೇಲೆ ಆಕೆಗೆ ಬೆನ್ನಿನ ಆಪರೇಷನ್ ಆಗಿತ್ತು. ಡಾಕ್ಟರು ಒಂದು ಮಾತ್ರೆ ಬರೆದುಕೊಟ್ಟಿದ್ದರು, ಅರ್ಧ ಹಸಿರು ಅರ್ಧ ಹಳದಿ, ಒಳಗೆ ಪುಡಿ ಇರುವಂಥದ್ದು. ಆಕೆಗೆ ವರ್ಗವಾಯಿತು. ಬ್ಯಾಂಕಿನವರು ವರ್ಗವಾಗಿ ಹೋಗುವಾಗ ಲಾರಿಯಲ್ಲಿ ಹಿಡಿಸದ್ದನ್ನೆಲ್ಲ ನನ್ನಂಥವರಿಗೆ ಕೊಟ್ಟು ಹೋಗುತ್ತಾರೆ. ಅದು ಯಾವತ್ತಿನ ಪದ್ಧತಿ. ಪೊರಕೆ, ಬಕೆಟ್ಟು, ತುಳಸಿ ಕುಂಡ, ಅರ್ಧ ಡಬ್ಬಿ ಬೇಳೆ. ಈಕೆ ಜತೆಗೆ ಔಷಧದ ಡಬ್ಬಿಯನ್ನೂ ಕೊಟ್ಟಳು. "ಅಜ್ಜೀ, ಇದು ಬಹಳ ಒಳ್ಳೇ ಮಾತ್ರೆ. ಕಾಲು ನೋವು ಅಂತೀರಲ್ಲ, ರಾತ್ರಿ ಒಂದು ತಗೊಳ್ಳಿ. ಚೀಟಿನೂ ಇದರಲ್ಲೇ ಇದೆ" ಎಂದಳು. ಕೆಟ್ಟ ಮನಸ್ಸಿನಿಂದ ಕೊಟ್ಟದ್ದಲ್ಲ. ನಾನೂ ಬೇಳೆಯಂತೆಯೇ ಅದನ್ನೂ ತೆಗೆದುಕೊಂಡೆ.

ಒಳ್ಳೆಯ ಮಾತ್ರೆಯೇ ಅದು. ನುಂಗಿದ ಅರ್ಧ ತಾಸಿಗೆ ಮೊಣಕಾಲು ನನ್ನದಲ್ಲ ಅನಿಸುತ್ತಿತ್ತು. ಮೈಗೆ ಬಿಸಿನೀರು ಹಾಕಿಕೊಂಡ ಹಾಗೆ. ಮುಗಿದ ಮೇಲೆ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋದೆ, ಕೊಟ್ಟರು. ಮತ್ತೆ ಹೋದೆ, ಕೊಟ್ಟರು. ಚೀಟಿಯ ಮಡಿಕೆ ಹರಿಯತೊಡಗಿತು. ಝೆರಾಕ್ಸ್ ಅಂಗಡಿಗೆ ಒಯ್ದು, ರೇಷನ್ ಕಾರ್ಡಿಗೆ ಮಾಡಿಸಿದ ಹಾಗೆ, ಲ್ಯಾಮಿನೇಟ್ ಮಾಡಿಸಿದೆ. ಅದರ ಮೇಲೆ ಇನ್ನೊಬ್ಬಳ ಹೆಸರಿದೆ, ವಯಸ್ಸು ಮೂವತ್ತನಾಲ್ಕು ಎಂದಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಇಂಗ್ಲಿಷ್ ಅಕ್ಷರ ನನಗೆ ಇರುವೆ ಸಾಲು. ಅಂಗಡಿಯವರಿಗೆ ಇಂಗ್ಲಿಷ್ ಬರುತ್ತಿತ್ತು, ಆದರೆ ಅವರು ಓದಲಿಲ್ಲ. ಒಂದೇ ಅಂಗಡಿಯಲ್ಲಿ ಕೇಳಿದರೆ ಮುಖ ನೋಡುತ್ತಾರೆಂದು ನಾನೇ ಮೂರು ಅಂಗಡಿ ಹಂಚಿಕೊಂಡೆ. ಹಾಗೆ ಹಂಚಿಕೊಂಡ ದಿನವೇ ನನಗೆ ತಿಳಿಯಬೇಕಿತ್ತು.

ಒಂದು ಎರಡಾಯಿತು, ಎರಡು ನಾಲ್ಕಾಯಿತು. ನಾಲ್ಕು ವರ್ಷದಲ್ಲಿ ಎಂಟಕ್ಕೆ ಬಂದು ನಿಂತೆ.

ವಿಜಯವಾಡದ ಹೊರಗಿನ ಇಬ್ರಾಹಿಂಪಟ್ನಂನ ಆ ಮನೆ ಕಲ್ಲಿದ್ದಲು ಸುಟ್ಟು ಕರೆಂಟು ತಯಾರಿಸುವ ಸ್ಥಾವರದ ಪಕ್ಕದ ಬೀದಿಯಲ್ಲಿತ್ತು. ಬಟ್ಟೆ ಒಣಗಹಾಕಿದರೆ ಮೇಲೆ ಬೂದಿ ಕೂರುತ್ತಿತ್ತು, ಅದಕ್ಕೆ ಕೂಸಿನ ಬಟ್ಟೆ ಒಳಗೇ ಒಣಗಿಸುತ್ತಿದ್ದೆವು. ಕೂಸಿಗೆ ಇಪ್ಪತ್ತೆರಡು ದಿನ. ಬಸ್ಸಿನಲ್ಲಿ ಬಂದವಳೇ ಎರಡು ಮಾತ್ರೆ ನುಂಗಿ ಎರೆಯಲು ಕೂತೆ. ನೀರಿನ ಹಬೆ, ಬಚ್ಚಲ ಕತ್ತಲು. ನನ್ನ ಕಣ್ಣು ಯಾವಾಗ ಮುಚ್ಚಿತೋ ಗೊತ್ತಿಲ್ಲ. ಎಡಗಾಲ ಮೇಲೆ ಭಾರ ಇಲ್ಲ ಅನಿಸಿತು. ಕಣ್ಣು ಬಿಟ್ಟರೆ ಕೂಸು ಪಕ್ಕಕ್ಕೆ ಸರಿದು, ಮುಖ ನೆಲದ ನೀರಿಗೆ ತಾಗಿದೆ. ಎತ್ತಿದೆ. ಕೆಮ್ಮಿತು, ಕೆಂಪಾಯಿತು, ಅತ್ತಿತು. ಅತ್ತಾಗ ಉಸಿರು ಬಿಟ್ಟೆ. ಹೊರಗಿಂದ ಅದರ ತಾಯಿ "ಯಾಕಜ್ಜೀ ಅಷ್ಟು ಅಳ್ತಿದೆ?" ಎಂದು ಕೂಗಿದಳು. "ನೀರು ಸ್ವಲ್ಪ ಬಿಸಿ ಆತ್ರೀ ಅವ್ವಾ" ಎಂದೆ. ಒರೆಸಿ, ಹೊಗೆ ಹಾಕಿ, ತೊಟ್ಟಿಲಿಗೆ ಹಾಕಿ ಬಂದೆ. ಮರುದಿನ ಮೊಣಕಾಲು ನೋವೆಂದು ಫೋನ್ ಮಾಡಿ ಹೇಳಿದೆ. ಮತ್ತೆ ಆ ಮನೆಗೆ ಹೋಗಲಿಲ್ಲ, ಯಾವ ಮನೆಗೂ ಹೋಗಲಿಲ್ಲ.

ಅದೇ ವಾರ ವಿಶಾಖಪಟ್ನಂನಿಂದ ಮೊಮ್ಮಗಳ ಫೋನ್ ಬಂತು. ಮಗಳು ಅಲ್ಲಿ ಪೆಂಡುರ್ತಿಯಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಅಳಿಯ ತೆಲುಗಿನವನು. ಮೊಮ್ಮಗಳು ಏಳು ತಿಂಗಳ ಬಸುರಿ, ಹೆರಿಗೆಗೆಂದು ತವರಿಗೆ ಬಂದಿದ್ದಳು. ಅವಳ ಬಾಯಲ್ಲಿ ತೆಲುಗೇ ಹೆಚ್ಚು, ನನ್ನ ಜತೆ ಮಾತ್ರ ಕನ್ನಡ. "ಅಮ್ಮಮ್ಮಾ, ಊರವರ ಮಕ್ಕಳಿಗೆಲ್ಲಾ ಎರೆದಿದೀಯ. ನನ್ನ ಪಾಪಕ್ಕೂ ನೀನೇ ಎರೀಬೇಕು. ಇಲ್ಲಾಂದ್ರೆ ನಾನು ಹೆರೋದೇ ಇಲ್ಲ, ನೋಡ್ಕೋ" ಎಂದಳು. "ಹೆರದ ಎಲ್ಲಿಟ್ಕೋತಿ ಅದನ್ನ?" ಎಂದೆ. ನಕ್ಕಳು. ಫೋನ್ ಇಟ್ಟ ಮೇಲೆ ನನ್ನ ಕೈ ನೋಡಿಕೊಂಡೆ.

ನಾನೇ ಬಿಟ್ಟುಬಿಡೋಣವೆಂದು ಒಂದು ದಿನ ಬಿಟ್ಟೆ. ಮಧ್ಯಾಹ್ನಕ್ಕೆ ಮೂಗು ಸೋರಿತು, ಮೇಲಿಂದ ಮೇಲೆ ಆಕಳಿಕೆ. ಸಂಜೆಗೆ ಹೊಟ್ಟೆ ಕಟ್ಟೆಯೊಡೆಯಿತು, ಮೈಮೇಲೆ ಮುಳ್ಳು, ಕಾಲು ಒಂದು ಕಡೆ ನಿಲ್ಲದು. ವಿಜಯವಾಡದ ಬಿಸಿಲು ತಾಗಿದೆ ಎಂದುಕೊಂಡೆ. ಎರಡು ಮಾತ್ರೆ ನುಂಗಿದೆ. ಕಾಲು ತಾಸಿನಲ್ಲಿ ಬಿಸಿಲು ಇಳಿಯಿತು. ಬಿಸಿಲು ಹಾಗೆ ಇಳಿಯುವುದಿಲ್ಲ. ನಾನು ದಡ್ಡಿ ಇರಬಹುದು, ಅಷ್ಟು ದಡ್ಡಿಯಲ್ಲ.

ಮನೆಯಲ್ಲಿದ್ದ ಮಾತ್ರೆ ಪಟ್ಟಿಗಳನ್ನೆಲ್ಲ ಬಾಣಂತಿ ಉಂಡೆಗೆ ಹಾಕುವ ಅಂಟಿನ ಡಬ್ಬಿಯೊಳಗೆ ತುಂಬಿಕೊಂಡು ಬೆಳಗಿನ ರೈಲಿಗೆ ವಿಶಾಖಪಟ್ನಂಗೆ ಹೊರಟೆ.

ಹತ್ತು ದಿನಕ್ಕೆ ಡಬ್ಬಿ ಹಗುರವಾಯಿತು. ಮಗಳ ಮನೆಯ ಹತ್ತಿರದ ಮೆಡಿಕಲ್ ಶಾಪಿಗೆ ಚೀಟಿ ಹಿಡಿದು ಹೋದೆ. ಅಲ್ಲಿ ಕೂತಿದ್ದ ಹೆಂಗಸು ಚೀಟಿಯನ್ನು ಬೆಳಕಿಗೆ ಹಿಡಿದು ಓದಿದಳು. ನಾಲ್ಕು ವರ್ಷದಲ್ಲಿ ಅದನ್ನು ಓದಿದ ಮೊದಲ ಮನುಷ್ಯಳು ಅವಳೇ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಮಾಮ್ಮಗಾರೂ, ಇದರಲ್ಲಿ ವಯಸ್ಸು ಮೂವತ್ತನಾಲ್ಕು ಅಂತಿದೆ."

"ನಿನಗೆ ಕಾಣೋದಿಲ್ಲ, ಒಳಗೆ ಅಷ್ಟೇ ಇದೆ" ಎಂದು ತೆಲುಗಿನಲ್ಲಿ ಹೇಳಿದೆ. ಅವಳು ನಗಲಿಲ್ಲ. ಮಾತ್ರೆ ಕೊಡಲೂ ಇಲ್ಲ. ಸಂಜೆ ಅದೇ ಅಂಗಡಿಗೆ ಮೊಮ್ಮಗಳ ಕಬ್ಬಿಣದ ಮಾತ್ರೆಗೆಂದು ಹೋದ ಅಳಿಯನಿಗೆ ಹೇಳಿಬಿಟ್ಟಳು.

ಅಳಿಯನ ಬಗ್ಗೆ ಎರಡು ಮಾತು ಹೇಳಬೇಕು. ಪರವಾಡದ ಔಷಧ ಕಾರ್ಖಾನೆಯಲ್ಲಿ ಅವನಿಗೆ ಮಾತ್ರೆಗಳನ್ನು ಪಟ್ಟಿಗೆ ತುಂಬುವ ಮಿಷನ್ನಿನ ಮೇಲೆ ಕೆಲಸ. ಕಂಪನಿ ಬಸ್ಸಿನಲ್ಲಿ ಹೋಗುತ್ತಾನೆ, ಬರುತ್ತಾನೆ. ಮನೆಯ ಅಳಿಯನೇ ಮಾತ್ರೆ ಮಾಡುವವನು, ಅದರಲ್ಲಿ ಕೆಟ್ಟದ್ದು ಏನಿದ್ದೀತು ಎಂದು ನಾನು ಎಷ್ಟೋ ಸಲ ನನಗೇ ಹೇಳಿಕೊಂಡದ್ದುಂಟು. ಇನ್ನೊಂದು ಮಾತು: ಅವನೂ ನಾನೂ ಇಪ್ಪತ್ತಾರು ವರ್ಷದಲ್ಲಿ ನೇರ ಮಾತಾಡಿರಲಿಲ್ಲ. ಜಗಳವಲ್ಲ. ನಮ್ಮ ಕಡೆ ಅತ್ತೆ ಅಳಿಯನ ಎದುರು ಕೂರುವುದಿಲ್ಲ, ಮಾತಾಡುವುದಿಲ್ಲ. ಅವರ ಮನೆಯಲ್ಲಿ ಅಷ್ಟು ಬಿಗಿ ಇಲ್ಲ. ಆದರೂ ನನ್ನ ಮರ್ಯಾದೆಗೆಂದು ಅವನು ನಡೆಸಿಕೊಂಡು ಬಂದಿದ್ದ. ಹೇಳುವುದೆಲ್ಲ ಮಗಳ ಮೂಲಕ. ಮೂವರೂ ಒಂದೇ ಕೋಣೆಯಲ್ಲಿದ್ದರೂ ಹಾಗೆಯೇ.

ಮಗಳು ನನ್ನ ಚೀಲದಿಂದ ಚೀಟಿ ತೆಗೆದುಕೊಂಡು ಅಡುಗೆಮನೆಗೆ ಬಂದಳು.

"ಅವ್ವಾ, ಈ ಚೀಟಿ ಯಾರದು?"

"ಮ್ಯಾನೇಜರಮ್ಮಂದು."

"ಆಕೀದು ನಿನ್ನ ಕಡೆ ಯಾಕ ಐತಿ?"

"ವರ್ಗ ಆತು. ಬಿಟ್ಟು ಹ್ವಾದ್ಲು."

"ಬಿಟ್ಟು ಹೋಗಾಕ ಇದೇನ್ ತುಳಸಿ ಕುಂಡ ಏನ? ಇದು ಎಂಥಾ ಮಾತ್ರಿ ಅಂತ ಗೊತ್ತೈತೇನ ನಿನಗ? ಇವರು ಹೇಳತಾರ, ಇದನ್ನ ತಿಂದವರು ಇದಕ್ಕ ಗಂಟು ಬೀಳತಾರಂತ!"

ನಾನು ಕಾಯಿ ತುರಿದೆ. ಬಾಗಿಲಾಚೆ ಅಳಿಯ ತೆಲುಗಿನಲ್ಲಿ ಹೆಂಡತಿಗೆ ಹೇಳಿದ: "ಬೈಯಬೇಡ. ಡಾಕ್ಟರ ಹತ್ತಿರ ಹೋಗೋಣ ಅನ್ನು." ಮಗಳು ನನಗೆ ಹೇಳಿದಳು, ನಾನು ಕೇಳಿಸಿಕೊಂಡದ್ದನ್ನೇ. "ಬರತೀನಿ ಅನ್ನು" ಎಂದೆ. ಮಗಳು ಅದನ್ನೂ ದಾಟಿಸಿದಳು.

ಹೋಗಬೇಕಾದ್ದು ಮನಸ್ಸಿನ ರೋಗದ ಡಾಕ್ಟರ ಹತ್ತಿರ ಎಂದು ತಿಳಿದಾಗ ನಾನು ಹೊಸ್ತಿಲಲ್ಲೇ ಕೂತೆ. "ನನಗ ಹುಚ್ಚ ಹಿಡದಿಲ್ಲ" ಎಂದೆ. "ಹುಚ್ಚ ಹಿಡದಿದ್ರ ಕಟ್ಟಿ ಒಯ್ತಿದ್ವಿ. ಆಟೋ ಕರಸತಿರಲಿಲ್ಲ, ಏಳು" ಎಂದಳು ಮಗಳು. ಮೊಮ್ಮಗಳನ್ನು ಒಬ್ಬಳನ್ನೇ ಬಿಡುವ ಹಾಗಿಲ್ಲ, ಮಗಳು ಮನೆಯಲ್ಲಿ ಉಳಿದಳು. ಆಟೋದಲ್ಲಿ ಹಿಂದೆ ನಾನು, ಮುಂದೆ ಡ್ರೈವರನ ಪಕ್ಕ ಅರ್ಧ ಹೊರಗೆ ಅರ್ಧ ಒಳಗೆ ಅಳಿಯ.

ಡಾಕ್ಟರು ಹೆಂಗಸು, ನನ್ನ ಮಗಳ ವಯಸ್ಸಿನವಳು. ಮಾತೆಲ್ಲ ತೆಲುಗಿನಲ್ಲೇ ಆಯಿತು. ಅಳಿಯ ನನ್ನ ಪಕ್ಕದ ಕುರ್ಚಿಯಲ್ಲಿ ಕೂತ. ಅವನ ಪಕ್ಕ ನಾನು ಕೂತದ್ದೇ ಅದು ಮೊದಲು. ಸೆರಗು ಎಳೆದುಕೊಂಡೆ.

"ಅಮ್ಮಾ, ದಿನಕ್ಕೆ ಎಷ್ಟು ತಗೋತೀರಿ?"

"ಎರಡು."

ಬಾಯಿಂದ ಹಾಗೇ ಬಂತು. ಎಂಟು ಎಂದು ಅಳಿಯನ ಎದುರು ಹೇಗೆ ಹೇಳುವುದು? ಹಸಿವಾಗಿದೆ ಎಂದು ಕೂಡ ಅವನ ಎದುರು ಹೇಳಿದವಳಲ್ಲ. ಅಳಿಯ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದ. ಡಾಕ್ಟರು ಎರಡು ಎಂದೇ ಬರೆದುಕೊಂಡಳು, ಎರಡಕ್ಕೆ ತಕ್ಕ ಹಾಗೆ ಇಳಿಸುವ ಮಾತ್ರೆ ಬರೆದುಕೊಟ್ಟಳು.

ಡಬ್ಬಿಯ ತಳದಲ್ಲಿ ಉಳಿದದ್ದನ್ನು ಸೇರಿಸಿಕೊಂಡು ನಾಲ್ಕು ದಿನ ಚೆನ್ನಾಗಿದ್ದೆ. ಡಾಕ್ಟರು ಹೇಳಿದಂತೆಯೇ ನಡೆದಿದೆ ಎಂದು ಮಗಳು ಅಕ್ಕಪಕ್ಕದವರಿಗೆ ಹೇಳಿದಳು. ಐದನೇ ದಿನ ಡಬ್ಬಿಯಲ್ಲಿ ಅಂಟು ಮಾತ್ರ ಉಳಿಯಿತು. ಆರನೇ ದಿನ ನನಗೆ ಬಚ್ಚಲು ಬಿಟ್ಟು ಹೊರಗೆ ಬರಲಾಗಲಿಲ್ಲ. ಮೈಯ ಒಂದೊಂದು ಕೂದಲೂ ನೋಯುತ್ತಿತ್ತು. ನೀರು ಕುಡಿಯಲು ಹೋದರೆ ಲೋಟ ಹಲ್ಲಿಗೆ ಬಡಿಯಿತು. ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತು ನೋಡಿದಳು. ಆ ನೋಟ ನನಗೆ ಬೇಡವಾಗಿತ್ತು.

ಕೆಲಸದಿಂದ ಬಂದ ಅಳಿಯ ಹೊರಗಿನ ಕೋಣೆಯಲ್ಲಿ ಹೆಂಡತಿಗೆ ಹೇಳಿದ್ದು ಕೇಳಿಸಿತು: "ಎರಡು ತಿನ್ನೋರಿಗೆ ಹೀಗಾಗಲ್ಲ."

ಮರುದಿನ ಅವನು ಕೆಲಸಕ್ಕೆ ರಜೆ ಹಾಕಿದ. ಮತ್ತೆ ಅದೇ ಆಟೋ, ಅದೇ ಕೂರುವ ರೀತಿ. ಡಾಕ್ಟರ ಬಾಗಿಲಿಗೆ ಬಂದಾಗ ಅಳಿಯ ನಿಂತುಬಿಟ್ಟ. ನನ್ನ ಕಡೆ ನೋಡಲಿಲ್ಲ, ಚಪ್ಪಲಿ ನೋಡುತ್ತಾ ತನಗೆ ಬರುವ ಹರಕು ಮುರುಕು ಕನ್ನಡದಲ್ಲಿ ಹೇಳಿದ.

"ಅತ್ತಯ್ಯಗಾರೂ, ನಾನು ಹೊರಗೆ ಕೂತಿರ್ತೀನಂಡಿ. ನೀವು ಒಬ್ಬರೇ ಹೋಗಿ. ಎಷ್ಟು ಅಂತ ನನಗೆ ಗೊತ್ತಾಗೋದು ಬೇಡ. ಅವರಿಗೆ ಗೊತ್ತಾದ್ರೆ ಸಾಕು."

ಇಪ್ಪತ್ತಾರು ವರ್ಷದಲ್ಲಿ ಅವನು ನನಗೆ ನೇರ ಹೇಳಿದ ಮೊದಲ ಮಾತು ಅದು. "ಹೂಂ" ಎಂದೆ. ನಾನು ಅವನಿಗೆ ಹೇಳಿದ ಮೊದಲ ಮಾತೂ ಅಷ್ಟೇ.

ಒಳಗೆ ಹೋಗಿ ಕೂರುವ ಮೊದಲೇ ಹೇಳಿದೆ. "ಎಂಟು. ಮೊದಲು ಸುಳ್ಳು ಹೇಳಿದೆ. ಕೂಸಿಗೆ ಎರೆಯುವ ದಿನ ಒಂಬತ್ತು."

ಡಾಕ್ಟರು ಬೈಯುತ್ತಾಳೆ ಎಂದು ತಯಾರಾಗಿದ್ದೆ, ತಿರುಗಿ ಬೈಯಲೂ ತಯಾರಾಗಿದ್ದೆ. ಅವಳು ಹಳೆಯ ಸಂಖ್ಯೆಯ ಮೇಲೆ ಗೆರೆ ಎಳೆದು ಹೊಸದನ್ನು ಬರೆದಳು. "ಇಷ್ಟು ದಿನ ಯಾರೂ ಕೇಳಲಿಲ್ಲವಾ?" ಎಂದಳು.

"ಯಾರೂ ಚೀಟಿ ಓದಲಿಲ್ಲ."

"ಈಗ ಯಾಕೆ ಬಿಡಬೇಕು ಅನಿಸಿತು?"

ಆಗ ಇಬ್ರಾಹಿಂಪಟ್ನಂನದ್ದನ್ನು ಹೇಳಿದೆ. ಯಾರಿಗೂ ಹೇಳಿರದ ಮಾತು. ಬೂದಿಯಿಂದ ಶುರುಮಾಡಿ ಕೂಸು ಅತ್ತದ್ದರವರೆಗೆ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದಳು. ಆಮೇಲೆ ಹೇಳಿದಳು, ಒಮ್ಮೆಗೇ ಬಿಟ್ಟರೆ ಫಿಟ್ಸ್ ಬರಬಹುದು, ಅದೇ ಮಾತ್ರೆಯನ್ನು ಒಂದೊಂದೇ ಕಡಿಮೆ ಮಾಡುತ್ತಾ ನಿಧಾನವಾಗಿ ಇಳಿಯಬೇಕು, ಮಾತ್ರೆ ನನ್ನ ಕೈಯಲ್ಲಿರಬಾರದು, ಮನೆಯವರೊಬ್ಬರು ಕೊಡಬೇಕು. ಇದು ಹುಚ್ಚೂ ಅಲ್ಲ, ಕೆಟ್ಟ ಚಾಳಿಯೂ ಅಲ್ಲ, ಮೈ ಅದಕ್ಕೆ ಒಗ್ಗಿಹೋಗಿದೆ ಎಂದಳು.

"ಮೊಮ್ಮಗಳ ಹೆರಿಗೆಗೆ ತಿಂಗಳೊಂದೂವರೆ ಉಳಿದಿದೆ. ಅಷ್ಟರಲ್ಲಿ ಮುಗಿಸಿಕೊಡು."

"ಮಾತು ಕೊಡೋಕಾಗಲ್ಲ ಅಮ್ಮಾ. ಮೊಮ್ಮಗಳಿಗೆ ಆ ಕೂಸಿನ ವಿಷಯ ಗೊತ್ತಾ?"

"ಇಲ್ಲ."

ಅವಳು ಹೇಳು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಲ್ಯಾಮಿನೇಟ್ ಮಾಡಿಸಿದ ಚೀಟಿ ಕೇಳಿದಳು. ಕೊಟ್ಟೆ. ಹರಿಯಲು ನೋಡಿದಳು, ಹರಿಯಲಿಲ್ಲ. ಗಟ್ಟಿಯಾಗಿಯೇ ಮಾಡಿಸಿದ್ದೆ. ಕೊನೆಗೆ ನರ್ಸಮ್ಮ ಕತ್ತರಿ ತಂದು ನಾಲ್ಕು ತುಂಡು ಮಾಡಿದಳು. ಹೊಸ ಚೀಟಿಯ ಮೇಲೆ ನನ್ನ ಹೆಸರು ಬರೆದು, ವಯಸ್ಸು ಕೇಳಿದರು. ಎಪ್ಪತ್ತಿರಬಹುದು ಎಂದೆ. ಮಾತ್ರೆಯ ಚೀಟಿಯಲ್ಲಿ ನನ್ನ ಹೆಸರು ಬಂದದ್ದು ಅದೇ ಮೊದಲು.

ಮಾತ್ರೆ ಕೊಡುವ ಕೆಲಸ ಅಳಿಯನೇ ವಹಿಸಿಕೊಂಡ. ಲೆಕ್ಕ ಅವನಿಗೂ ತಿಳಿಯಿತು, ಆದರೆ ತಿಳಿದ ಹಾಗೆ ತೋರಿಸಿಕೊಳ್ಳಲಿಲ್ಲ. ಮಗಳು ಕೊಟ್ಟರೆ ನಾನು ಜುಲುಮೆ ಮಾಡಿ ಇನ್ನೊಂದು ಕಿತ್ತುಕೊಳ್ಳುತ್ತೇನೆ, ಅವನ ಹತ್ತಿರ ಕೇಳಲಾರೆ. ಇದು ಅವನಿಗೆ ಗೊತ್ತಿತ್ತು. ಬೆಳಗಿನ ಕಂಪನಿ ಬಸ್ಸಿಗೆ ಹೋಗುವ ಮೊದಲು ಆ ದಿನದ ಮಾತ್ರೆಗಳನ್ನು ಅಡುಗೆಮನೆಯ ಹೊಸ್ತಿಲ ಮೇಲೆ ಸ್ಟೀಲ್ ಡಬ್ಬಿಯ ಮುಚ್ಚಳದಲ್ಲಿಟ್ಟು, ಒಮ್ಮೆ ಕೆಮ್ಮಿ ಹೋಗುತ್ತಿದ್ದ. ಕೆಮ್ಮು ಕೇಳಿದ ಮೇಲೆ ನಾನು ಹೋಗಿ ತೆಗೆದುಕೊಳ್ಳುತ್ತಿದ್ದೆ. ಏಳು. ಕೆಲವು ದಿನ ಕಳೆದು ಆರು. ಐದಕ್ಕೆ ಬಂದಾಗ ನಾನು ಅವನನ್ನು ಮನಸ್ಸಿನಲ್ಲಿ ಬೈದದ್ದು ಹೇಳುವಂಥದ್ದಲ್ಲ. ಒಂದು ದಿನ ಅವನು ಹೋದ ಮೇಲೆ ಅವನ ಅಂಗಿಯ ಜೇಬುಗಳನ್ನು ತಡಕಿದೆ. ಬಸ್ಸಿನ ಪಾಸು ಸಿಕ್ಕಿತು. ಉಳಿದ ಮಾತ್ರೆಗಳನ್ನು ಅವನು ಮನೆಯಲ್ಲಿ ಇಡುತ್ತಲೇ ಇರಲಿಲ್ಲ, ಜತೆಗೆ ಒಯ್ಯುತ್ತಿದ್ದ.

ಮೊಣಕಾಲಿನ ನೋವು ತಿರುಗಿ ಬಂತು. ಅದು ಎಲ್ಲಿಗೂ ಹೋಗಿರಲಿಲ್ಲ, ನನಗೆ ಕೇಳುತ್ತಿರಲಿಲ್ಲ ಅಷ್ಟೆ.

ಮೊಮ್ಮಗಳಿಗೆ ಹೆಣ್ಣುಕೂಸು ಹುಟ್ಟಿದಾಗ ನಾನು ದಿನಕ್ಕೆ ಎರಡರಲ್ಲಿದ್ದೆ. ಮೊದಲ ದಿನ ಸುಳ್ಳು ಹೇಳಿದ್ದ ಲೆಕ್ಕಕ್ಕೆ ಕೊನೆಗೂ ಬಂದು ಮುಟ್ಟಿದ್ದೆ. ಹೊಕ್ಕುಳು ಒಣಗಿ ಬಿದ್ದ ಮೇಲೆ ಎರೆಯುವುದೆಂದು ಆಯಿತು. ಮಗಳು ನೀರು ಕಾಯಿಸಿದಳು, ಮಣೆ ಹಾಕಿದಳು, ಎಣ್ಣೆ ಬೆಚ್ಚಗೆ ಮಾಡಿದಳು. ಮೊಮ್ಮಗಳು ಕೂಸನ್ನು ಎತ್ತಿಕೊಂಡು ಬಂದಳು. ಬಚ್ಚಲ ಬಾಗಿಲಲ್ಲಿ ನಾನು ನಿಂತಿದ್ದೆ.

"ಕೂತ್ಕೋ ಅಮ್ಮಮ್ಮಾ."

"ನಿಮ್ಮವ್ವ ಎರೀಲಿ."

"ಅದೇನು? ನೀನೇ ಅಂತಲ್ವಾ? ಕಾಲು ನೋವಾ?"

ಕಾಲು ನೋವು ಎಂದುಬಿಟ್ಟರೆ ಮುಗಿಯುತ್ತಿತ್ತು. ಒಮ್ಮೆ ಹಾಗೆ ಹೇಳಿ ಮುಗಿಸಿದ್ದೆ.

"ಕಾಲು ನೋವು ಐತಿ. ಆದ್ರ ಅದಕ್ಕಲ್ಲ. ವಿಜಯವಾಡದ ಕಡೆ ಒಂದು ಕೂಸಿನ್ನ ಕಾಲ ಮ್ಯಾಲಿಂದ ಕೆಡವೀನಿ. ಮಾತ್ರಿ ನುಂಗಿ ಕಣ್ಣ ಮುಚ್ಚಿದ್ದೆ. ಮುಖ ನೀರಾಗ ಬಿದ್ದಿತ್ತು. ಬದುಕೈತಿ. ನಾನು ಇನ್ನೂ ಎರಡ ಮಾತ್ರಿ ನುಂಗಾಕತ್ತೀನಿ."

ಮೊಮ್ಮಗಳು ಕೂಸನ್ನು ಎದೆಗೆ ಒತ್ತಿಕೊಂಡಳು. ತಾನು ಹಾಗೆ ಮಾಡಿದ್ದು ಅವಳಿಗೇ ಗೊತ್ತಿರಲಿಕ್ಕಿಲ್ಲ. ನನಗೆ ಕಂಡಿತು. ಮಗಳು ಮಣೆಯ ಮೇಲೆ ಕೂತು ಎರೆದಳು. ಅವಳ ಪಾದ ಸರಿಯಾಗಿ ಕೂಡುತ್ತಿರಲಿಲ್ಲ. "ಹೆಬ್ಬಟ್ಟು ಒಳಗ ತಗೋ" ಎಂದು ಬಾಗಿಲಿಂದ ಹೇಳಿದೆ. "ಗೊತ್ತೈತಿ, ಸುಮ್ನಿರು" ಎಂದಳು.

ಅದಾದ ಮೇಲೆ ಸುಮಾರು ದಿನ ಮೊಮ್ಮಗಳು ಕೂಸನ್ನು ನನ್ನ ಮಡಿಲಿಗೆ ಕೊಡುವಾಗ ಅಲ್ಲೇ ಕೂತಿರುತ್ತಿದ್ದಳು. ಒಳಗೆ ಹೋಗಬೇಕಾದರೆ ಕೂಸನ್ನೂ ಎತ್ತಿಕೊಂಡು ಹೋಗುತ್ತಿದ್ದಳು. ಬೇಸರ ಮಾಡಿಕೊಳ್ಳಲಿಲ್ಲ. ನಾನು ಅವಳ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆ, ಇನ್ನೂ ಜೋರಾಗಿ ಮಾಡುತ್ತಿದ್ದೆ.

ಇಬ್ರಾಹಿಂಪಟ್ನಂನ ಕೂಸಿನ ತಾಯಿಗೂ ಫೋನ್ ಮಾಡಿ ಹೇಳಿದೆ. "ಗೊತ್ತಿತ್ತು ಅಜ್ಜೀ. ಪಾಪು ಮೂಗಿಂದ ಎರಡು ದಿನ ನೀರು ಬಂತು. ನೀವು ಮತ್ತೆ ಬರ್ತೀನಿ ಅಂದಿದ್ರೂ ನಾನು ಬೇಡ ಅಂತಿದ್ದೆ" ಎಂದಳು. ಕೂಸು ಹೇಗಿದೆ ಎಂದು ಕೇಳಿದೆ. ಮಗುಚಿಕೊಳ್ಳುತ್ತಿದೆ ಎಂದಳು. ಫೋನ್ ಇಟ್ಟಳು.

ಒಂದು ದಿನ ಮುಚ್ಚಳ ಖಾಲಿ ಇತ್ತು. ಅಳಿಯ ಅಭ್ಯಾಸಕ್ಕೆ ಖಾಲಿ ಮುಚ್ಚಳವನ್ನೇ ಇಟ್ಟು ಕೆಮ್ಮಿ ಹೋಗಿದ್ದ. ನಾನು ಅದನ್ನು ತೊಳೆದು ಡಬ್ಬಿಗೆ ಹಾಕಿದೆ. ಡಾಕ್ಟರ ಹತ್ತಿರ ಈಗಲೂ ಹೋಗುತ್ತೇನೆ. ಮನಸ್ಸು ಹೇಗಿದೆ ಎಂದು ಕೇಳುತ್ತಾಳೆ. ಮೆಡಿಕಲ್ ಶಾಪಿನ ಮುಂದೆ ಹೋಗುವಾಗ ಆ ಹಸಿರು ಹಳದಿ ನೆನಪಾಗುತ್ತದೆ ಎಂದು ಇದ್ದದ್ದನ್ನೇ ಹೇಳುತ್ತೇನೆ. ನೆನಪಾಗುತ್ತದೆ, ದಾಟಿ ಬನ್ನಿ ಎನ್ನುತ್ತಾಳೆ. ದಾಟಿ ಬರುತ್ತೇನೆ.

ಮುಚ್ಚಳ ಖಾಲಿಯಾಗಿ ಒಂದು ತಿಂಗಳಾದ ಮೇಲೆ, ಬೆಳಿಗ್ಗೆ ಮಗಳು ನೀರು ಕಾಯಿಸಿ ಸೊಪ್ಪಿಗೆಂದು ಹೊರಗೆ ಹೋಗಿದ್ದಳು. ಮೊಮ್ಮಗಳು ಕೂಸಿಗೆ ಎಣ್ಣೆ ಹಚ್ಚಿ ತಂದು ನನ್ನ ಮುಂದೆ ನಿಂತಳು.

"ಅಮ್ಮ ಬರೋದು ತಡ ಆಗತ್ತೆ. ನೀರು ಆರಿ ಹೋಗತ್ತೆ" ಎಂದಳು.

ಮಣೆಯ ಮೇಲೆ ಕೂತು ಕಾಲು ಚಾಚಿದೆ. ಮೊಳೆ ತಿರುಗಿತು. ತಿರುಗಲಿ ಎಂದು ಬಿಟ್ಟೆ. ಪಾದ ಕೂಡಿಸಿ ತಗ್ಗು ಮಾಡಿದೆ. ಮೊಮ್ಮಗಳು ಕೂಸನ್ನು ಮಲಗಿಸಿ, ಪಕ್ಕದಲ್ಲೇ ಒದ್ದೆ ನೆಲದ ಮೇಲೆ ಕೂತು, ತನ್ನ ಕೈಯನ್ನು ಕೂಸಿನ ಬೆನ್ನಿನ ಕೆಳಗೆ ತೂರಿಸಿದಳು. ಅವಳ ಬೆರಳು ನನ್ನ ಕಣಕಾಲಿಗೆ ಒತ್ತುತ್ತಿದ್ದವು. ನಾನು ಎರಡು ಬಕೆಟ್ಟು ನೀರು ಮುಗಿಯುವವರೆಗೆ ಎರೆದೆ. ಅವಳು ಕೈ ತೆಗೆಯಲಿಲ್ಲ. ತೆಗೆ ಎಂದು ನಾನೂ ಹೇಳಲಿಲ್ಲ.